ಕಣ್ಣಾಸ್ಪತ್ರೆಗೆ ಹೋದವರಿಗೆ ಹೃದಯದ ಪರೀಕ್ಷೆ

ಬರ್ಲಿನ್ನಿನ ಕಣ್ಣಿನ ವೈದ್ಯ ಆಲ್ಬ್ರೆಕ್ಟ್ ಫಾನ್ ಗ್ರಾಫೆ 1859ರಲ್ಲಿ ಒಂದು ಲೇಖನ ಪ್ರಕಟಿಸಿದರು. ಇದ್ದಕ್ಕಿದ್ದಂತೆ ಒಂದು ಕಣ್ಣಿನ ದೃಷ್ಟಿ ಕಳೆದುಕೊಂಡ ರೋಗಿಯೊಬ್ಬನ ವಿಚಾರ ಅದರಲ್ಲಿತ್ತು. ಅದಕ್ಕೆ ಎಂಟು ವರ್ಷ ಮೊದಲು, 1851ರಲ್ಲಿ, ಜರ್ಮನ್ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಕಣ್ಣಿನೊಳಗೆ ಬೆಳಕು ಬಿಟ್ಟು ಅಕ್ಷಿಪಟಲವನ್ನು, ಅಂದರೆ ರೆಟಿನಾವನ್ನು, ನೋಡುವ ಉಪಕರಣ ಕಂಡುಹಿಡಿದಿದ್ದರು. ಅಲ್ಲಿಯವರೆಗೆ ಇಂಥ ಕುರುಡುತನ ವೈದ್ಯರಿಗೂ ಒಗಟೇ. ರೋಗಿಗೂ ಏನೂ ಕಾಣುವುದಿಲ್ಲ, ವೈದ್ಯನಿಗೂ ಏನೂ ಕಾಣುವುದಿಲ್ಲ ಎಂದು ಆ ಕಾಲದ ವೈದ್ಯರೇ ನಗೆಯಾಡುತ್ತಿದ್ದರಂತೆ. ಗ್ರಾಫೆ ಹೊಸ ಉಪಕರಣ ಹಿಡಿದು ನೋಡಿದರು. ರೆಟಿನಾಕ್ಕೆ ರಕ್ತ ಒಯ್ಯುವ ಮುಖ್ಯ ರಕ್ತನಾಳ ಮುಚ್ಚಿಹೋಗಿತ್ತು. ಅಷ್ಟಕ್ಕೇ ನಿಲ್ಲಿಸದೆ, ನಾಳವನ್ನು ಮುಚ್ಚಿದ ಚೂರು ಎಲ್ಲಿಂದ ಬಂತು ಎಂದು ಹುಡುಕಿದರು. ರೋಗಿಗೆ ಹೃದಯದ ಒಳಪದರದ ಉರಿಯೂತವಿತ್ತು. ಅಲ್ಲಿಂದ ಕಳಚಿಕೊಂಡ ಚೂರು ರಕ್ತದ ಜೊತೆ ಹರಿದು ಕಣ್ಣಿಗೆ ಬಂದು ಸಿಕ್ಕಿಕೊಂಡಿತ್ತು. ರಕ್ತದಲ್ಲಿ ತೇಲಿಬರುವ ಚೂರಿಗೆ ಎಂಬೋಲಸ್ ಎಂದು ಜರ್ಮನ್ ವೈದ್ಯ ವಿರ್ಶೋ ಹೆಸರಿಟ್ಟು ಆಗ ಹತ್ತು ಹನ್ನೆರಡು ವರ್ಷವಾಗಿತ್ತು ಅಷ್ಟೆ.

ರೆಟಿನಾದ ರಕ್ತನಾಳ ಮುಚ್ಚಿ ಕುರುಡಾಗುವುದನ್ನು ವೈದ್ಯಶಾಸ್ತ್ರ ಮೊದಲ ಸಲ ವಿವರಿಸಿದ್ದೇ ಹೃದಯದ ಕಾಯಿಲೆಯಿದ್ದ ರೋಗಿಯಲ್ಲಿ ಎಂಬುದನ್ನು ಇವತ್ತಿಗೂ ನೆನೆಯಬೇಕು. ಏಕೆಂದರೆ ಕಣ್ಣು ಕಾಣದಾದಾಗ ನಾವು ಕಣ್ಣನ್ನಷ್ಟೇ ನೋಡುತ್ತೇವೆ. ಹಿಂದಿನ ಮೂರು ವಾರ ಬಿಟ್ಟು ಬಿಟ್ಟು ಬಂದ ಜ್ವರ, ಸಂಜೆಯ ಚಳಿ, ಸಡಿಲವಾದ ಪ್ಯಾಂಟು, ಇವೆಲ್ಲ ಬೇರೆ ಕಥೆ ಎಂದುಕೊಂಡು ಕಣ್ಣಿನ ಡಾಕ್ಟರ ಮುಂದೆ ಬಾಯಿಯೇ ಬಿಡುವುದಿಲ್ಲ. ಎರಡೂ ಒಂದೇ ಕಥೆಯಾಗಿರಬಹುದು ಎಂದು ಹೇಳುವುದಕ್ಕೇ ಈ ಬರಹ.

ಮೊದಲೇ ಒಂದು ಮಾತು. ಇದ್ದಕ್ಕಿದ್ದಂತೆ ಕಣ್ಣು ಕಾಣದಾದ ಪ್ರತಿಯೊಬ್ಬರಿಗೂ ಹೃದಯದ ಸೋಂಕಿದೆ ಎಂದಲ್ಲ. ಹಾಗೆ ನೋಡಿದರೆ ಅದು ಅಪರೂಪದ ಕಾರಣ. ವಯಸ್ಸಾದವರಲ್ಲಿ ಕುತ್ತಿಗೆಯ ರಕ್ತನಾಳದಲ್ಲಿ ಕಟ್ಟಿಕೊಂಡ ಕೊಬ್ಬು, ಹೃದಯ ಬಡಿತದ ತಾಳ ತಪ್ಪುವ ಏಟ್ರಿಯಲ್ ಫಿಬ್ರಿಲೇಶನ್, ಸಕ್ಕರೆ ಕಾಯಿಲೆಯವರಲ್ಲಿ ಕಣ್ಣಿನೊಳಗಿನ ರಕ್ತಸ್ರಾವ, ರೆಟಿನಾ ಕಳಚಿಕೊಳ್ಳುವುದು, ಹೀಗೆ ಸಾಮಾನ್ಯ ಕಾರಣಗಳು ಬೇಕಾದಷ್ಟಿವೆ. ಹೃದಯದ ಕವಾಟದ ಸೋಂಕು, ಅಂದರೆ ಇನ್ಫೆಕ್ಟಿವ್ ಎಂಡೋಕಾರ್ಡೈಟಿಸ್, ವರ್ಷಕ್ಕೆ ಲಕ್ಷ ಜನರಲ್ಲಿ ಮೂರರಿಂದ ಹತ್ತು ಮಂದಿಗೆ ಬರುವ ಕಾಯಿಲೆ. ಬಂದವರಲ್ಲಿ ಕನಿಷ್ಠ ಐವರಲ್ಲಿ ಒಬ್ಬರಿಗೆ ಸೋಂಕಿನ ಚೂರು ಹರಿದುಹೋಗಿ ದೇಹದಲ್ಲಿ ಎಲ್ಲಾದರೊಂದು ಕಡೆ ಸಿಕ್ಕಿಕೊಳ್ಳುತ್ತದೆ. ಹೆಚ್ಚಾಗಿ ಮೆದುಳಿಗೆ, ಗುಲ್ಮಕ್ಕೆ, ಮೂತ್ರಪಿಂಡಕ್ಕೆ ಹೋಗುತ್ತದೆ. ಕಣ್ಣಿಗೆ ಹೋಗುವುದು ಕಡಿಮೆ. ಹಾಗಿದ್ದರೆ ಇಷ್ಟೆಲ್ಲ ಯಾಕೆ ಬರೆಯಬೇಕು? ಕಣ್ಣಿಗೆ ಬಂದ ಚೂರು ಒಂದೇ ಇರುವುದಿಲ್ಲ ಎಂಬುದಕ್ಕೆ. ಅದು ಬಂದಲ್ಲಿಂದಲೇ ಇನ್ನೊಂದು ಹೊರಡಬಹುದು. ಎರಡನೆಯದು ಮೆದುಳಿಗೆ ಹೋದರೆ ಲಕ್ವ.

ನಮ್ಮ ಹೃದಯದಲ್ಲಿ ನಾಲ್ಕು ಕವಾಟಗಳಿವೆ. ಜನ ವಾಲ್ವ್ ಅನ್ನುತ್ತಾರೆ. ನಾನೂ ಎರಡನ್ನೂ ಬಳಸುತ್ತೇನೆ. ನಿಮಿಷಕ್ಕೆ 70 ಬಡಿತವೆಂದರೆ ದಿನಕ್ಕೆ ಸುಮಾರು ಒಂದು ಲಕ್ಷ ಸಲ ಇವು ತೆರೆದು ಮುಚ್ಚುತ್ತವೆ. ರಕ್ತ ಒಂದೇ ದಿಕ್ಕಿಗೆ ಹೋಗುವಂತೆ ನೋಡಿಕೊಳ್ಳುವುದಷ್ಟೇ ಅವುಗಳ ಕೆಲಸ. ಆರೋಗ್ಯವಂತ ಕವಾಟದ ಮೇಲ್ಮೈ ಎಷ್ಟು ನುಣುಪೆಂದರೆ ಬ್ಯಾಕ್ಟೀರಿಯಾಕ್ಕೆ ಹಿಡಿದು ನಿಲ್ಲಲು ಜಾಗವೇ ಸಿಗುವುದಿಲ್ಲ. ಹಲ್ಲುಜ್ಜುವಾಗ ಒಸಡಿನಿಂದ ಚೂರು ರಕ್ತ ಬಂದರೂ ಒಂದಷ್ಟು ಬ್ಯಾಕ್ಟೀರಿಯಾ ರಕ್ತಕ್ಕೆ ಸೇರುತ್ತವೆ. ಸ್ವಲ್ಪ ಹೊತ್ತಿನಲ್ಲೇ ದೇಹ ಅವನ್ನು ಮುಗಿಸಿಬಿಡುತ್ತದೆ. ನಿಮಗೂ ನನಗೂ ಇದು ದಿನನಿತ್ಯ ನಡೆಯುತ್ತಿದೆ, ಯಾರಿಗೂ ಗೊತ್ತಾಗುವುದಿಲ್ಲ.

ಕವಾಟ ಕೆಟ್ಟಿದ್ದರೆ ಮಾತು ಬೇರೆ. ಕೆರೆಯ ತೂಬು ಸರಿಯಾಗಿ ಮುಚ್ಚದೆ ಸಂದಿಯಲ್ಲಿ ನೀರು ರಭಸದಿಂದ ಚಿಮ್ಮುತ್ತಿದ್ದರೆ ಆ ಅಂಚಿನಲ್ಲೇ ಕಸಕಡ್ಡಿ, ನಾರು, ಪಾಚಿ ಸಿಕ್ಕಿಕೊಂಡು ಬೆಳೆಯುತ್ತಾ ಹೋಗುತ್ತದಲ್ಲ, ಹಾಗೆ. ಸೋರುವ ಕವಾಟದ ಅಂಚಿನಲ್ಲಿ ರಕ್ತ ಚಿಮ್ಮಿ ಚಿಮ್ಮಿ ಒಳಪದರ ತರಚುತ್ತದೆ. ತರಚಿದ ಕಡೆ ರಕ್ತದ ಪ್ಲೇಟ್‌ಲೆಟ್‌ಗಳೂ ಫೈಬ್ರಿನ್ ಎಂಬ ನಾರೂ ಸೇರಿ ಸಣ್ಣ ಗಂಟಾಗುತ್ತದೆ. ಹಾದುಹೋಗುವ ಬ್ಯಾಕ್ಟೀರಿಯಾಕ್ಕೆ ಅಲ್ಲಿ ಮನೆ ಸಿಕ್ಕಿತು. ಅವು ಒಳಗೆ ಕೂತು ಮರಿ ಮಾಡುತ್ತವೆ, ಮೇಲೆ ಮತ್ತೆ ನಾರು ಮುಚ್ಚಿಕೊಳ್ಳುತ್ತದೆ. ವೈದ್ಯರು ವೆಜಿಟೇಶನ್ ಎಂದು ಕರೆಯುವ ಈ ಗಂಟು ಒಂದು ಸೆಂಟಿಮೀಟರಿಗಿಂತ ದೊಡ್ಡದಾಗಿಯೂ ಬೆಳೆಯಬಹುದು. ಪ್ರತಿ ಬಡಿತಕ್ಕೂ ಅದು ರಕ್ತದ ಹೊಡೆತಕ್ಕೆ ಸಿಕ್ಕಿ ಹೊಯ್ದಾಡುತ್ತದೆ. ಹೃದಯದ ಸ್ಕ್ಯಾನ್ ಆದ ಎಕೋದ ಪರದೆಯ ಮೇಲೆ ನೋಡಿದರೆ ಕವಾಟದ ತುದಿಗೆ ಅಂಟಿದ ಬಿಳಿ ಚೂರೊಂದು ಕವಾಟದ ತಾಳಕ್ಕೆ ಸೇರದೆ ತನ್ನ ಪಾಡಿಗೆ ಕುಣಿಯುತ್ತಿರುವುದು ಕಾಣುತ್ತದೆ. ಒಮ್ಮೆ ನೋಡಿದವರು ಮರೆಯುವುದಿಲ್ಲ. ಯಾವುದೋ ಒಂದು ಬಡಿತಕ್ಕೆ ಅದರಿಂದ ಒಂದು ತುಣುಕು ಕಿತ್ತುಬರುತ್ತದೆ.

ಬಲಗಡೆಯ ಕವಾಟದಿಂದ ಕಿತ್ತರೆ ಶ್ವಾಸಕೋಶಕ್ಕೆ ಹೋಗುತ್ತದೆ. ಎಡಗಡೆಯ ಮೈಟ್ರಲ್ ಅಥವಾ ಅಯೋರ್ಟಿಕ್ ಕವಾಟದಿಂದ ಕಿತ್ತರೆ ಮಹಾಧಮನಿಗೆ, ಅಲ್ಲಿಂದ ಕುತ್ತಿಗೆಯ ಕೆರೋಟಿಡ್ ಧಮನಿಗೆ. ಈ ಧಮನಿ ತಲೆಬುರುಡೆಯೊಳಗೆ ಹೊಕ್ಕ ಮೇಲೆ ಕೊಡುವ ಮೊದಲ ದೊಡ್ಡ ಕವಲೇ ಕಣ್ಣಿನದು. ಆ ಕವಲಿನಿಂದ ಮತ್ತೊಂದು ಸಣ್ಣ ಕವಲು ಹೊರಟು ದೃಷ್ಟಿನರದ ಒಳಗೇ ನುಸುಳಿ ರೆಟಿನಾದ ಮಧ್ಯಕ್ಕೆ ಬರುತ್ತದೆ. ಮಿಲಿಮೀಟರಿನ ಆರನೇ ಒಂದು ಭಾಗದಷ್ಟು ಅಗಲದ ನಾಳ ಅದು. ರೆಟಿನಾದ ಒಳಪದರಗಳಿಗೆ ಅದೊಂದೇ ಗತಿ. ಕೆಲವರಿಗೆ ಹುಟ್ಟಿನಿಂದಲೇ ಇನ್ನೊಂದು ಪುಟ್ಟ ಕವಲು ಇದ್ದು ನಡುದೃಷ್ಟಿ ಉಳಿದುಕೊಳ್ಳುವುದುಂಟು, ಅದು ಅವರ ಅದೃಷ್ಟ. ಆ ನಾಳ ಮುಚ್ಚಿತೋ, ಕ್ಷಣದಲ್ಲಿ ಕಣ್ಣಿಗೆ ಕತ್ತಲೆ. "ಹಲ್ಲುಜ್ಜುತ್ತಾ ಇದ್ದೆ, ಎಡಗಣ್ಣು ಪಟ್ಟನೆ ಆಫ್ ಆಯ್ತು" ಎನ್ನುತ್ತಾರೆ. ನೋವಿರುವುದಿಲ್ಲ, ಕೆಂಪಾಗುವುದಿಲ್ಲ, ನೀರು ಸುರಿಯುವುದಿಲ್ಲ. ಕನ್ನಡಿಯಲ್ಲಿ ಕಣ್ಣು ನಿನ್ನೆಯ ಹಾಗೇ ಇರುತ್ತದೆ. ನೋವಿಲ್ಲ ಎಂಬ ಕಾರಣಕ್ಕೇ ಜನ ಸುಮ್ಮನಿದ್ದುಬಿಡುತ್ತಾರೆ. ಪಿತ್ತ ನೆತ್ತಿಗೇರಿದೆ, ನಿದ್ದೆಗೆಟ್ಟಿದ್ದಕ್ಕೆ ಹೀಗಾಯ್ತು, ಸಂಜೆಯವರೆಗೆ ನೋಡೋಣ ಎನ್ನುತ್ತಾರೆ. ಸಂಜೆಯ ಹೊತ್ತಿಗೆ ಕಾಲ ಮೀರಿರುತ್ತದೆ.

ಎಷ್ಟು ಹೊತ್ತು ಸಮಯವಿದೆ ಎಂಬುದನ್ನು ಪಂಜಾಬಿನಲ್ಲಿ ಹುಟ್ಟಿ ಅಮೆರಿಕದ ಅಯೋವಾದಲ್ಲಿ ನೆಲೆಸಿದ್ದ ಸೋಹನ್ ಸಿಂಗ್ ಹೇರೆಹ್ ಕೋತಿಗಳ ಮೇಲೆ ಪ್ರಯೋಗ ಮಾಡಿ ಅಳೆದರು. ನಾಳವನ್ನು ಪೂರ್ತಿ ಮುಚ್ಚಿದರೂ 97 ನಿಮಿಷದವರೆಗೆ ರೆಟಿನಾ ತಡೆದುಕೊಂಡಿತು. 240 ನಿಮಿಷ, ಅಂದರೆ ನಾಲ್ಕು ಗಂಟೆ ಕಳೆದರೆ ಹಾನಿ ಶಾಶ್ವತ. ಮನುಷ್ಯರಲ್ಲಿ ನಾಳ ಪೂರ್ತಿ ಮುಚ್ಚದಿರುವ ಸಂದರ್ಭಗಳಿರುವುದರಿಂದ ಒಂದಷ್ಟು ಹೆಚ್ಚುಕಡಿಮೆ ಆಗಬಹುದು. ಆದರೂ ಎದೆನೋವು ಬಂದವರನ್ನು ಹೇಗೆ ಎತ್ತಿಕೊಂಡು ಓಡುತ್ತೇವೋ ಅಷ್ಟೇ ಅವಸರ ಇಲ್ಲಿಯೂ ಬೇಕು. ಈಗ ಜಗತ್ತಿನಾದ್ಯಂತ ನರರೋಗ ತಜ್ಞರು ಇದನ್ನು ಕಣ್ಣಿನ ಸ್ಟ್ರೋಕ್ ಎಂದೇ ಪರಿಗಣಿಸುತ್ತಾರೆ. ಕೆಲವು ನಿಮಿಷ ಕತ್ತಲಾಗಿ ಮತ್ತೆ ತಾನಾಗಿಯೇ ಸರಿಹೋದರೂ ಅದು ಎಚ್ಚರಿಕೆಯ ಗಂಟೆಯೇ. ಸರಿಹೋಯಿತಲ್ಲ ಎಂದು ಸುಮ್ಮನಿರುವುದು ಎಲ್ಲಕ್ಕಿಂತ ದೊಡ್ಡ ಪ್ರಮಾದ.

ಕವಾಟದ ಸೋಂಕು ಕಣ್ಣನ್ನು ಕೆಡಿಸುವ ದಾರಿ ಇದೊಂದೇ ಅಲ್ಲ. ರಕ್ತದಲ್ಲಿ ತೇಲಿಬಂದ ಬ್ಯಾಕ್ಟೀರಿಯಾ ಕಣ್ಣಿನೊಳಗೇ ಬೀಡುಬಿಟ್ಟು ಕೀವು ತುಂಬಬಹುದು. ಇದಕ್ಕೆ ಎಂಡಾಫ್ತಲ್ಮೈಟಿಸ್ ಎನ್ನುತ್ತಾರೆ. ಆಗ ಕಣ್ಣು ಕೆಂಪಾಗುತ್ತದೆ, ನೋಯುತ್ತದೆ, ಬೆಳಕು ಚುಚ್ಚುತ್ತದೆ, ಮಂಜು ಕವಿದು ಒಂದೆರಡು ದಿನದಲ್ಲೇ ದೃಷ್ಟಿ ಇಳಿಯುತ್ತದೆ. ಕಪ್ಪುಗುಡ್ಡೆಯ ಕೆಳಗಿನ ಅಂಚಿನಲ್ಲಿ ಬಿಳಿ ಕೀವಿನ ಗೆರೆ ನಿಂತಿರುವುದು ಬರಿಗಣ್ಣಿಗೂ ಕಾಣಬಹುದು. ಕೆಲವರಲ್ಲಿ ಎರಡೂ ಕಣ್ಣಿಗೆ ಬರುತ್ತದೆ. ಕಣ್ಣಿಗೆ ಪೆಟ್ಟಾಗಿಲ್ಲ, ಆಪರೇಶನ್ ಆಗಿಲ್ಲ, ಆದರೂ ಒಳಗೆ ಕೀವು ತುಂಬಿದೆ ಎಂದರೆ ಅದು ದೇಹದ ಇನ್ನೆಲ್ಲಿಂದಲೋ ಬಂದದ್ದೇ. ಯಕೃತ್ತಿನ ಕುರುವೋ, ಮೂತ್ರಕೋಶದ ಸೋಂಕೋ, ಹೃದಯದ ಕವಾಟವೋ ಎಂದು ಹುಡುಕಲೇಬೇಕು. ಇಲ್ಲಿ ಒಂದು ಅಪಾಯವಿದೆ. ಮೇಲುನೋಟಕ್ಕೆ ಇದು ಯುವಿಯೈಟಿಸ್ ಎಂಬ ಬೇರೆ ಉರಿಯೂತದಂತೆ ಕಾಣುತ್ತದೆ. ಅದಕ್ಕೆ ಸ್ಟೀರಾಯ್ಡ್ ಕೊಡುವುದು ರೂಢಿ. ಸೋಂಕಿರುವವರಿಗೆ ಆಂಟಿಬಯೋಟಿಕ್ ಇಲ್ಲದೆ ಬರೀ ಸ್ಟೀರಾಯ್ಡ್ ಕೊಟ್ಟರೆ ಎರಡು ದಿನ ಹಗುರವೆನಿಸಿ ಆಮೇಲೆ ಬೆಂಕಿಯೇ. ಕಣ್ಣು ಕೆಂಪಾಗಿದೆ ಎಂದು ಔಷಧದ ಅಂಗಡಿಯಲ್ಲಿ ಸ್ಟೀರಾಯ್ಡ್ ಹನಿ ಕೇಳಿ ಕೊಳ್ಳುವ ನಮ್ಮ ಅಭ್ಯಾಸ ಎಂದಿಗೂ ಒಳ್ಳೆಯದಲ್ಲ. ಇಂಥ ರೋಗಿಗೆ ಅದು ಕಣ್ಣನ್ನೇ ತೆಗೆಯುತ್ತದೆ.

ಇನ್ನೊಂದು ದಾರಿಯಲ್ಲಿ ಕಣ್ಣಿಗೆ ಏನೂ ಆಗಿರುವುದೇ ಇಲ್ಲ. ನಾವು ನೋಡಿದ್ದನ್ನು ಅರ್ಥ ಮಾಡಿಕೊಳ್ಳುವ ಭಾಗ ಮೆದುಳಿನ ಹಿಂತುದಿಯಲ್ಲಿದೆ. ಕವಾಟದ ಚೂರು ಅಲ್ಲಿಗೆ ಹೋಗುವ ನಾಳದಲ್ಲಿ ಸಿಕ್ಕಿಕೊಂಡರೆ ಎರಡೂ ಕಣ್ಣಿನ ಒಂದೇ ಪಕ್ಕದ ನೋಟ ಹೋಗುತ್ತದೆ. ರೋಗಿ "ಎಡಗಣ್ಣು ಕಾಣ್ತಿಲ್ಲ" ಎಂದೇ ಹೇಳುತ್ತಾನೆ, ಆದರೆ ಕಾಣದಿರುವುದು ಎಡಪಕ್ಕ. ತಟ್ಟೆಯ ಎಡಭಾಗದ ಪಲ್ಯ ಹಾಗೇ ಉಳಿದಿರುತ್ತದೆ, ನಡೆಯುವಾಗ ಎಡಭುಜ ಬಾಗಿಲಿಗೆ ತಾಗುತ್ತದೆ, ಪೇಪರಿನ ಸಾಲಿನ ಮೊದಲ ಅಕ್ಷರಗಳು ಮಾಯ. ಇದನ್ನು ತಿಳಿಯಲು ಯಂತ್ರ ಬೇಕಾಗಿಲ್ಲ. ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿ ಇನ್ನೊಂದರಲ್ಲಿ ಎದುರಿಗಿರುವವರ ಮೂಗನ್ನೇ ನೋಡಲಿ. ಅವರು ಪಕ್ಕದಲ್ಲಿ ಬೆರಳಾಡಿಸಿದ್ದು ಕಾಣುತ್ತದೆಯೇ? ಆಮೇಲೆ ಇನ್ನೊಂದು ಕಣ್ಣು. ಎರಡರಲ್ಲೂ ಒಂದೇ ಪಕ್ಕ ಕಾಣದಿದ್ದರೆ ತೊಂದರೆ ಕಣ್ಣಿನದಲ್ಲ. ಮನೆಯವರು ಮಾಡಬಹುದಾದ ಪರೀಕ್ಷೆ ಇದು. ಇದರ ಫಲಿತಾಂಶವನ್ನು ಆಸ್ಪತ್ರೆಯ ಬಾಗಿಲಲ್ಲೇ ಹೇಳಿದರೆ ರೋಗಿ ಸರಿಯಾದ ವಿಭಾಗಕ್ಕೆ ಬೇಗ ತಲುಪುತ್ತಾನೆ.

ದೃಷ್ಟಿ ಹೋಗದಿದ್ದರೂ ಕಣ್ಣು ಸುಳಿವು ಕೊಡುವುದುಂಟು. ರೆಟಿನಾದಲ್ಲಿ ನಡುವೆ ಬಿಳಿ ಚುಕ್ಕೆಯಿರುವ ಸಣ್ಣ ಸಣ್ಣ ರಕ್ತದ ಕಲೆಗಳು ಕಾಣಿಸಿಕೊಳ್ಳುತ್ತವೆ. ಸ್ವಿಟ್ಜರ್ಲೆಂಡಿನ ಮೋರಿಟ್ಸ್ ರೋತ್ 1872ರಲ್ಲಿ ರೆಟಿನಾದ ಕಲೆಗಳ ಬಗ್ಗೆ ಬರೆದದ್ದರಿಂದ ಅವಕ್ಕೆ ರೋತ್ ಚುಕ್ಕೆ ಎಂಬ ಹೆಸರು ಬಂತು. ರಕ್ತಹೀನತೆ, ರಕ್ತದ ಕ್ಯಾನ್ಸರ್, ಸಕ್ಕರೆ ಕಾಯಿಲೆಯಲ್ಲೂ ಇವು ಬರುವುದರಿಂದ ಅವಷ್ಟೇ ಸಾಕ್ಷಿ ಸಾಲದು. ಕೆಳರೆಪ್ಪೆಯನ್ನು ಎಳೆದು ನೋಡಿದರೆ ಸೂಜಿಮೊನೆಯಷ್ಟು ಕೆಂಪು ಚುಕ್ಕೆಗಳಿರಬಹುದು. ಉಗುರಿನ ಕೆಳಗೆ ಕಂದುಗೆಂಪಿನ ಉದ್ದ ಗೆರೆಗಳು, ಬೆರಳ ತುದಿಯಲ್ಲಿ ಮುಟ್ಟಿದರೆ ನೋಯುವ ಗುಳ್ಳೆ, ಅಂಗೈ ಅಂಗಾಲಿನಲ್ಲಿ ನೋಯದ ಕೆಂಪು ಕಲೆ, ಇವೂ ಇದೇ ಕಾಯಿಲೆಯ ಗುರುತುಗಳು. ಸ್ಕ್ಯಾನ್ ಬಾರದಿದ್ದ ಕಾಲದಲ್ಲಿ ವಿಲಿಯಂ ಆಸ್ಲರ್ ಅಂಥ ವೈದ್ಯರು ಕೈ, ಕಣ್ಣು, ಉಗುರು ನೋಡಿ ಸ್ಟೆತಸ್ಕೋಪ್ ಇಟ್ಟೇ ರೋಗ ಹೇಳುತ್ತಿದ್ದರು. ಈಗಿನ ಆತುರದ ಓಪಿಡಿಯಲ್ಲಿ ರೋಗಿಯ ಕೈಬೆರಳನ್ನು ಹಿಡಿದು ನೋಡುವ ವೈದ್ಯರು ಸಿಕ್ಕರೆ ಅವರನ್ನು ಬಿಡಬೇಡಿ.

ಒಬ್ಬ ಸಂಗೀತಕಾರನ ಕಥೆ ಇಲ್ಲಿ ಹೇಳಲೇಬೇಕು. ಗುಸ್ತಾವ್ ಮಾಲರ್ ನ್ಯೂಯಾರ್ಕಿನಲ್ಲಿ ವಾದ್ಯವೃಂದ ನಡೆಸುತ್ತಿದ್ದರು. ಅವರ ಮೈಟ್ರಲ್ ಕವಾಟ ಕೆಟ್ಟಿದೆ ಎಂದು 1907ರಲ್ಲೇ ಗೊತ್ತಾಗಿತ್ತು. 1911ರ ಫೆಬ್ರವರಿಯಲ್ಲಿ ಜ್ವರ ಶುರುವಾಯಿತು. ಜ್ವರದಲ್ಲೇ ಫೆಬ್ರವರಿ 21ರಂದು ಕಾರ್ನೆಗಿ ಹಾಲ್‌ನಲ್ಲಿ ಕಛೇರಿ ನಡೆಸಿದರು, ಅದೇ ಕೊನೆಯದಾಯಿತು. ಮೌಂಟ್ ಸೈನಾಯ್ ಆಸ್ಪತ್ರೆಯ ಇಮ್ಯಾನುಯೆಲ್ ಲಿಬ್ಮನ್ ಬಂದು ನೋಡಿದರು. ಎದೆಯಲ್ಲಿ ಮರ್ಮರ ಶಬ್ದ, ಊದಿದ ಗುಲ್ಮ, ಕಣ್ಣಿನ ಬಿಳಿಪದರದ ಮೇಲೂ ಚರ್ಮದ ಮೇಲೂ ಕೆಂಪು ಚುಕ್ಕೆಗಳು. ಅವರ ಸಹಾಯಕ ಜಾರ್ಜ್ ಬೇರ್ ರಕ್ತ ತೆಗೆದು ಕಲ್ಚರ್‌ಗೆ ಇಟ್ಟರು. ಸ್ಟ್ರೆಪ್ಟೊಕಾಕಸ್ ಬೆಳೆಯಿತು. ರೋಗ ಏನೆಂದು ಸ್ಪಷ್ಟವಾಗಿ ತಿಳಿಯಿತು, ಮದ್ದು ಮಾತ್ರ ಇರಲಿಲ್ಲ. ಪೆನಿಸಿಲಿನ್ ಬರಲು ಇನ್ನೂ ಮೂವತ್ತು ವರ್ಷ ಬೇಕಿತ್ತು. ಮಾಲರ್ ಯೂರೋಪಿಗೆ ಮರಳಿ ಮೇ 18ರಂದು ವಿಯೆನ್ನಾದಲ್ಲಿ ತೀರಿಕೊಂಡರು. ಐವತ್ತೇ ವಯಸ್ಸು. ಆ ಕಾಲದಲ್ಲಿ ಕವಾಟದ ಸೋಂಕು ಬಂದವರು ಬದುಕುಳಿಯುವುದು ಹೆಚ್ಚುಕಡಿಮೆ ಇಲ್ಲವೇ ಇಲ್ಲ.

ಇವತ್ತು ಪರಿಸ್ಥಿತಿ ತಿರುಗಿದೆ. ಮದ್ದು ಇದೆ, ರೋಗ ಯಾವುದೆಂದು ತಿಳಿಯುವುದೇ ತಡವಾಗುತ್ತಿದೆ. ಅದಕ್ಕೆ ನಮ್ಮ ಜ್ವರದ ಸಂಸ್ಕೃತಿಯೇ ಕಾರಣ. ಊರಿನಲ್ಲಿ ಜ್ವರ ಬಂತೆಂದರೆ ಮೊದಲು ಅಂಗಡಿಯ ಮಾತ್ರೆ. ಬಿಡಲಿಲ್ಲವೆಂದರೆ ಹತ್ತಿರದ ಕ್ಲಿನಿಕ್ಕಿನಲ್ಲಿ ಒಂದು ಇಂಜೆಕ್ಷನ್, ಐದು ದಿನದ ಆಂಟಿಬಯೋಟಿಕ್. ಮೂರೇ ದಿನಕ್ಕೆ ಜ್ವರ ಇಳಿಯಿತೆಂದು ಉಳಿದ ಎರಡು ದಿನದ್ದು ನುಂಗುವುದಿಲ್ಲ. ವಾರ ಬಿಟ್ಟು ಮತ್ತೆ ಜ್ವರ. ಈಗ ವಿಡಾಲ್ ಟೆಸ್ಟು, "ಸ್ವಲ್ಪ ಟೈಫಾಯ್ಡ್ ಇದೆ" ಎಂಬ ತೀರ್ಪು, ಇನ್ನೊಂದು ಆಂಟಿಬಯೋಟಿಕ್, ಎರಡು ಬಾಟಲಿ ಗ್ಲೂಕೋಸ್. ಸ್ವಲ್ಪ ಟೈಫಾಯ್ಡ್ ಎಂಬ ಕಾಯಿಲೆ ಇಲ್ಲ. ವಿಡಾಲ್ ಪರೀಕ್ಷೆ ನಮ್ಮಂಥ ಕಡೆ ನಂಬಲರ್ಹವಲ್ಲ ಎಂದು ತಜ್ಞರು ಹೇಳುತ್ತಲೇ ಬಂದಿದ್ದಾರೆ, ಆದರೂ ಲ್ಯಾಬಿನ ಬೋರ್ಡಿನಿಂದ ಅದು ಇಳಿದಿಲ್ಲ. ಕವಾಟದ ಗಂಟಿನಲ್ಲಿ ಅಡಗಿದ ಬ್ಯಾಕ್ಟೀರಿಯಾಕ್ಕೆ ಈ ಅರೆಬರೆ ಔಷಧದಿಂದ ಏನೂ ಆಗುವುದಿಲ್ಲ. ಕವಾಟಕ್ಕೆ ತನ್ನದೇ ಆದ ರಕ್ತಸಂಚಾರ ಬಹುತೇಕ ಇಲ್ಲ. ಗಂಟಿನ ಒಳಗೆ ಬಿಳಿ ರಕ್ತಕಣಗಳೂ ಹೋಗಲಾರವು, ಔಷಧವೂ ಸುಲಭಕ್ಕೆ ಇಳಿಯದು. ಹೊರಗೆ ತೇಲುವ ನಾಲ್ಕು ಬ್ಯಾಕ್ಟೀರಿಯಾ ಸಾಯುತ್ತವೆ, ಜ್ವರ ತಗ್ಗುತ್ತದೆ. ಒಳಗಿನವು ಕಾಯುತ್ತವೆ.

ಇದರಿಂದಾಗುವ ಇನ್ನೊಂದು ನಷ್ಟ ದೊಡ್ಡದು. ಎಂಡೋಕಾರ್ಡೈಟಿಸ್‌ಗೆ ಮುಖ್ಯ ಸಾಕ್ಷಿ ಬ್ಲಡ್ ಕಲ್ಚರ್. ಬೇರೆ ಬೇರೆ ಕಡೆ ಚುಚ್ಚಿ ಕನಿಷ್ಠ ಮೂರು ಸಲ ರಕ್ತ ತೆಗೆದು, ಪೋಷಕ ದ್ರವವಿರುವ ಬಾಟಲಿಗಳಲ್ಲಿ ಹಾಕಿ, ಯಾವ ಬ್ಯಾಕ್ಟೀರಿಯಾ ಬೆಳೆಯುತ್ತದೆ, ಯಾವ ಔಷಧಕ್ಕೆ ಸಾಯುತ್ತದೆ ಎಂದು ನೋಡುತ್ತಾರೆ. ಮೊದಲೇ ಆಂಟಿಬಯೋಟಿಕ್ ನುಂಗಿದ್ದರೆ ಬಾಟಲಿಯಲ್ಲಿ ಏನೂ ಬೆಳೆಯದೆ ಹೋಗಬಹುದು. ಆಗ ವೈದ್ಯರು ಊಹೆಯ ಮೇಲೆ ಆರು ವಾರ ಔಷಧ ಕೊಡಬೇಕಾಗುತ್ತದೆ. ನಮ್ಮ ದೇಶದ ಆಸ್ಪತ್ರೆಗಳಲ್ಲಿ ಕಲ್ಚರ್ ನೆಗೆಟಿವ್ ಎಂಡೋಕಾರ್ಡೈಟಿಸ್ ಹೆಚ್ಚಾಗಿರಲು ಇದು ಮುಖ್ಯ ಕಾರಣ. ಬೆಳೆದರೆ ಮಾತ್ರ ಎಷ್ಟೊಂದು ತಿಳಿಯುತ್ತದೆ! ಸ್ಟ್ರೆಪ್ಟೊಕಾಕಸ್ ಗ್ಯಾಲೊಲಿಟಿಕಸ್ ಎಂಬುದು ಸಿಕ್ಕರೆ ವೈದ್ಯರು ದೊಡ್ಡ ಕರುಳಿನ ಪರೀಕ್ಷೆಯನ್ನೂ ಮಾಡಿಸುತ್ತಾರೆ, ಏಕೆಂದರೆ ಅದಕ್ಕೂ ಕರುಳಿನ ಗಡ್ಡೆಗೂ ನಂಟಿದೆ. ರೋಗಿ ತೀರಾ ಅಸ್ವಸ್ಥನಾಗಿದ್ದರೆ ರಕ್ತ ತೆಗೆದ ಕೂಡಲೇ ಔಷಧ ಶುರು ಮಾಡುತ್ತಾರೆ, ವರದಿಗೆ ಕಾಯುವುದಿಲ್ಲ. ಮೊದಲು ರಕ್ತ, ಆಮೇಲೆ ಔಷಧ, ಅಷ್ಟೇ ಕ್ರಮ.

ಕಲ್ಚರ್ ಜೊತೆಗೆ ಎಕೋ. ಎದೆಯ ಮೇಲಿಂದ ಮಾಡುವ ಎಕೋದಲ್ಲಿ ಸಣ್ಣ ಗಂಟುಗಳು ತಪ್ಪಿಹೋಗಬಹುದು. ಅನುಮಾನ ಬಲವಾಗಿದ್ದರೆ ಅನ್ನನಾಳದಲ್ಲಿ ನಳಿಗೆ ಇಳಿಸಿ ಹೃದಯದ ಹಿಂಬದಿಯಿಂದ ನೋಡುವ ಟೀ (TEE) ಪರೀಕ್ಷೆ ಮಾಡುತ್ತಾರೆ. "ಎಕೋ ನಾರ್ಮಲ್ ಬಂದಿದೆಯಲ್ಲ, ಮತ್ತೆ ಯಾಕೆ?" ಎಂದು ಮನೆಯವರು ತಕರಾರು ತೆಗೆಯುವುದು ಇಲ್ಲೇ. ತೆಗೆಯಬೇಡಿ. ರೋಗ ಇದೆ ಎಂದು ತೀರ್ಮಾನಿಸಲು ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು 1994ರಲ್ಲಿ ಮಾಡಿದ ಮಾನದಂಡಗಳಿವೆ; 2023ರಲ್ಲಿ ಅವು ಮತ್ತೆ ಪರಿಷ್ಕೃತವಾದವು. ಕಲ್ಚರ್ ಮತ್ತು ಎಕೋ ಅದರಲ್ಲಿ ದೊಡ್ಡ ಸಾಕ್ಷಿಗಳು. ಜ್ವರ, ಹಳೆಯ ಕವಾಟದ ತೊಂದರೆ, ಹರಿದುಹೋದ ಚೂರು, ರೋತ್ ಚುಕ್ಕೆಯಂಥವು ಸಣ್ಣ ಸಾಕ್ಷಿಗಳು.

ಕಣ್ಣಿನ ಸ್ಟ್ರೋಕ್ ಆದವರ ಜ್ವರದ ಇತಿಹಾಸ ತಿಳಿಯದಿದ್ದರೆ ಚಿಕಿತ್ಸೆಯೇ ಪ್ರಾಣಕ್ಕೆ ಎರವಾಗಬಹುದು. ಸಾಮಾನ್ಯ ಸ್ಟ್ರೋಕ್‌ನಲ್ಲಿ ಹೆಪ್ಪು ಕರಗಿಸುವ ಇಂಜೆಕ್ಷನ್ ವರದಾನ. ಕಣ್ಣಿನ ನಾಳ ಮುಚ್ಚಿದಾಗಲೂ ಕೆಲವು ಕಡೆ ಅದನ್ನು ಕೊಡುವ ಪ್ರಯತ್ನ ನಡೆದಿದೆ. ಆದರೆ ಕವಾಟದ ಸೋಂಕಿನಿಂದ ಬಂದ ಚೂರಿಗೆ ಅದನ್ನು ಕೊಟ್ಟರೆ ಮೆದುಳಿನಲ್ಲಿ ರಕ್ತಸ್ರಾವವಾಗುವ ಭಯವಿದೆ. ಸೋಂಕು ನಾಳದ ಗೋಡೆಯನ್ನೇ ಕೊರೆದು ತೆಳುವಾಗಿಸಿರುತ್ತದೆ. ಆದ್ದರಿಂದ ಎಂಡೋಕಾರ್ಡೈಟಿಸ್ ಇದ್ದವರಿಗೆ ಅದು ವರ್ಜ್ಯ. ಮೂರು ವಾರದ ಜ್ವರದ ಮಾತನ್ನು ರೋಗಿ ನುಂಗಿಕೊಂಡರೆ ವೈದ್ಯರಿಗೆ ಇದು ತಿಳಿಯುವುದು ಹೇಗೆ?

ರೋಗ ಖಚಿತವಾದ ಮೇಲೆ ರಕ್ತನಾಳದ ಮೂಲಕ ನಾಲ್ಕರಿಂದ ಆರು ವಾರ ಆಂಟಿಬಯೋಟಿಕ್. ಚೂರು ಹರಿಯುವ ಅಪಾಯ ಮೊದಲ ಎರಡು ವಾರದಲ್ಲೇ ಹೆಚ್ಚು, ಸರಿಯಾದ ಔಷಧ ಶುರುವಾದ ಮೇಲೆ ದಿನದಿಂದ ದಿನಕ್ಕೆ ಇಳಿಯುತ್ತದೆ. ತಡಮಾಡಬಾರದು ಎನ್ನುವುದಕ್ಕೆ ಇದಕ್ಕಿಂತ ಕಾರಣ ಬೇಕಿಲ್ಲ. ಗಂಟು ಒಂದು ಸೆಂಟಿಮೀಟರ್ ದಾಟಿದ್ದರೆ, ಚೂರು ಒಮ್ಮೆ ಹರಿದಿದ್ದರೆ, ಕವಾಟ ಹರಿದು ಉಸಿರು ಕಟ್ಟುತ್ತಿದ್ದರೆ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಇಷ್ಟೆಲ್ಲ ಆದರೂ ಆಸ್ಪತ್ರೆ ಸೇರಿದ ಐದಾರು ಮಂದಿಯಲ್ಲಿ ಒಬ್ಬರು ಉಳಿಯುವುದಿಲ್ಲ. ಹೋದ ದೃಷ್ಟಿ ಮರಳುವ ಭರವಸೆಯೂ ಕಡಿಮೆ. ಕಣ್ಣು ಒಂದು ಹೋಗಿರುತ್ತದೆ. ಉಳಿಸಿಕೊಳ್ಳಬೇಕಾದದ್ದು ಇನ್ನೊಂದು ಕಣ್ಣು, ಮೆದುಳು ಮತ್ತು ಜೀವ.

ಯಾರಿಗೆ ಬರುತ್ತದೆ? ಶ್ರೀಮಂತ ದೇಶಗಳಲ್ಲಿ ವಯಸ್ಸಾದವರಿಗೆ, ಕೃತಕ ಕವಾಟ ಮತ್ತು ಪೇಸ್‌ಮೇಕರ್ ಹಾಕಿಸಿಕೊಂಡವರಿಗೆ, ಡಯಾಲಿಸಿಸ್‌ನಲ್ಲಿ ಇರುವವರಿಗೆ. ನಮ್ಮಲ್ಲಿ ಇವರ ಜೊತೆಗೆ ಇಪ್ಪತ್ತು ಮೂವತ್ತರ ವಯಸ್ಸಿನವರೂ ಇದ್ದಾರೆ. ಕಾರಣ ರುಮ್ಯಾಟಿಕ್ ಹೃದ್ರೋಗ. ಚಿಕ್ಕಂದಿನಲ್ಲಿ ಗಂಟಲು ನೋವು ಬಂದು, ಅದಕ್ಕೆ ಸರಿಯಾದ ಚಿಕಿತ್ಸೆ ಆಗದೆ, ಆಮೇಲೆ ಕೀಲು ಊದಿ, ಕೊನೆಗೆ ಕವಾಟ ಕೆಡುವ ಕಾಯಿಲೆ. ಇಕ್ಕಟ್ಟಿನ ಮನೆ, ಬಡತನ ಇದ್ದಲ್ಲೇ ಇದರ ವಾಸ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆ ಬಿಗಿದುಕೊಂಡ ಮೈಟ್ರಲ್ ಕವಾಟವನ್ನು ಬಲೂನ್‌ನಿಂದ ಅಗಲಿಸುವುದರಲ್ಲಿ ಹೆಸರಾದದ್ದು ನಮ್ಮ ಹಳ್ಳಿಗಳಲ್ಲಿ ಈ ಕಾಯಿಲೆ ಅಷ್ಟಿದ್ದುದರಿಂದಲೇ. "ಬಲೂನ್ ಹಾಕಿಸಿದ್ದಾರೆ", "ವಾಲ್ವ್ ಚೇಂಜ್ ಆಗಿದೆ", "ಹುಟ್ಟಿನಿಂದ ಹಾರ್ಟಲ್ಲಿ ತೂತಿತ್ತು" ಎಂಬ ಮಾತುಗಳು ಕಣ್ಣಿನ ವೈದ್ಯರ ಕಿವಿಗೂ ಬೀಳಬೇಕು. ಕವಾಟ ಕೆಟ್ಟಿರುವುದು ಗೊತ್ತೇ ಇಲ್ಲದವರಿಗೂ ಸೋಂಕು ಬರುತ್ತದೆ ಎಂಬುದನ್ನೂ ಸೇರಿಸಬೇಕು. ಸ್ಟಫೈಲೊಕಾಕಸ್ ಆರಿಯಸ್ ಎಂಬ ಉಗ್ರ ಬ್ಯಾಕ್ಟೀರಿಯಾ ಚೆನ್ನಾಗಿರುವ ಕವಾಟವನ್ನೂ ಬಿಡುವುದಿಲ್ಲ. ಅದು ವಾರಗಟ್ಟಲೆ ಕಾಯುವುದೂ ಇಲ್ಲ, ಕೆಲವೇ ದಿನಗಳಲ್ಲಿ ಕವಾಟವನ್ನು ಹರಿದುಹಾಕುತ್ತದೆ.

ರುಮ್ಯಾಟಿಕ್ ಕಾಯಿಲೆಯವರು ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್ ಹಾಕಿಸಿಕೊಳ್ಳುತ್ತಾರೆ. ಪೆನಿಡ್ಯೂರ್ ಎಂದರೆ ಎಲ್ಲರಿಗೂ ಗೊತ್ತು. ಅದನ್ನು ತಪ್ಪಿಸಬಾರದು, ಸರಿ. ಆದರೆ ಆ ಇಂಜೆಕ್ಷನ್ ಕಾಯುವುದು ರುಮ್ಯಾಟಿಕ್ ಜ್ವರ ಮರಳದಂತೆ. ಕವಾಟದ ಸೋಂಕಿನಿಂದ ಅಲ್ಲ. ಪೆನಿಡ್ಯೂರ್ ನಡೀತಿದೆ, ನನಗೇನೂ ಆಗಲ್ಲ ಎಂಬ ಧೈರ್ಯ ಬೇಡ. ಕೃತಕ ಕವಾಟ ಇರುವವರು, ಹಿಂದೆ ಒಮ್ಮೆ ಈ ಸೋಂಕು ಬಂದವರು, ಮೈ ನೀಲಿಗಟ್ಟುವ ಕೆಲವು ಹುಟ್ಟು ಹೃದ್ರೋಗಗಳಿರುವವರು ಹಲ್ಲು ಕೀಳಿಸುವ ಮೊದಲು, ಒಸಡಿನ ಚಿಕಿತ್ಸೆಗೆ ಮೊದಲು ಒಂದು ಡೋಸ್ ಆಂಟಿಬಯೋಟಿಕ್ ತೆಗೆದುಕೊಳ್ಳಬೇಕು. ದೊಡ್ಡವರಿಗೆ ಸಾಮಾನ್ಯವಾಗಿ ಎರಡು ಗ್ರಾಂ ಅಮಾಕ್ಸಿಸಿಲಿನ್, ಅರ್ಧದಿಂದ ಒಂದು ಗಂಟೆ ಮುಂಚೆ. ಪೆನಿಸಿಲಿನ್ ಮೇಲೆಯೇ ಇರುವವರಿಗೆ ಬೇರೆ ಗುಂಪಿನ ಔಷಧ ಆರಿಸುತ್ತಾರೆ. ಉಳಿದ ಕವಾಟ ರೋಗಿಗಳಿಗೆ ಬೇಕೋ ಬೇಡವೋ ಎಂಬುದನ್ನು ಅವರವರ ಹೃದ್ರೋಗ ತಜ್ಞರೇ ಹೇಳಬೇಕು. ಈ ಒಂದು ಡೋಸ್ ಔಷಧಕ್ಕಿಂತ ಹೆಚ್ಚು ಕೆಲಸ ಮಾಡುವುದು ದಿನಕ್ಕೆ ಎರಡು ಸಲ ಹಲ್ಲುಜ್ಜುವುದು, ಆರು ತಿಂಗಳಿಗೊಮ್ಮೆ ಹಲ್ಲಿನ ವೈದ್ಯರಲ್ಲಿಗೆ ಹೋಗುವುದು. ಹುಳುಕು ಹಲ್ಲಿಟ್ಟುಕೊಂಡು ವಾಲ್ವ್ ಬದಲಾಯಿಸಿಕೊಂಡವರನ್ನು ಕಂಡರೆ ನನಗೆ ನಿಜಕ್ಕೂ ಭಯವಾಗುತ್ತದೆ.

ಕೃತಕ ಕವಾಟವೆಂದರೆ ನೆನಪಾಗುತ್ತದೆ: ಆಮದು ವಾಲ್ವ್‌ನ ಬೆಲೆ ಬಡವರಿಗೆ ಎಟುಕದಿದ್ದ ಕಾಲದಲ್ಲಿ ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆಯಲ್ಲಿ ಎಂ. ಎಸ್. ವಲಿಯತ್ತಾನ್ ಮತ್ತು ಸಂಗಡಿಗರು ನಮ್ಮದೇ ವಾಲ್ವ್ ಮಾಡಿದರು. 1990ರ ಡಿಸೆಂಬರ್ 6ರಂದು ಮೊದಲ ರೋಗಿಗೆ ಅದನ್ನು ಹಾಕಿದರು. ವಲಿಯತ್ತಾನ್ ಮುಂದೆ ಮಣಿಪಾಲಕ್ಕೆ ಬಂದು ಅಲ್ಲಿನ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾದರು. ಆ ಚಿತ್ರಾ ವಾಲ್ವ್ ಒಂದು ಲಕ್ಷಕ್ಕೂ ಹೆಚ್ಚು ಎದೆಗಳಲ್ಲಿ ಕುಳಿತಿದೆ. ನಿಮ್ಮ ಬೀದಿಯಲ್ಲೂ ಅಂಥವರೊಬ್ಬರು ಇರಬಹುದು.

ಅಂಥವರು ಈ ಬರಹ ಓದುತ್ತಿದ್ದರೆ, ಅಥವಾ ಅವರ ಮನೆಯವರು ಓದುತ್ತಿದ್ದರೆ, ಒಂದು ವಿನಂತಿ. ವಾಲ್ವ್‌ನ ಮಾದರಿ, ಆಪರೇಶನ್ ಆದ ವರ್ಷ, ನುಂಗುತ್ತಿರುವ ರಕ್ತ ತೆಳು ಮಾಡುವ ಮಾತ್ರೆ, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಪರ್ಸಿನಲ್ಲಿಟ್ಟುಕೊಳ್ಳಿ. ಕಾರಣ ತಿಳಿಯದ ಜ್ವರ ಮೂರು ದಿನ ದಾಟಿದರೆ ಅಂಗಡಿಯ ಆಂಟಿಬಯೋಟಿಕ್ ಮುಟ್ಟದೆ ನಿಮ್ಮ ಹೃದ್ರೋಗ ವೈದ್ಯರಲ್ಲಿಗೆ ಹೋಗಿ, ಬ್ಲಡ್ ಕಲ್ಚರ್ ಬೇಕೇ ಎಂದು ನೀವೇ ಕೇಳಿ. ಕೇಳಿದ್ದಕ್ಕೆ ಯಾರೂ ಬೈಯುವುದಿಲ್ಲ, ಬೈದರೂ ನಷ್ಟವಿಲ್ಲ. ಇನ್ನು ಒಂದು ಕಣ್ಣು ಇದ್ದಕ್ಕಿದ್ದಂತೆ ಕಾಣದಾದರೆ, ಒಂದೇ ನಿಮಿಷಕ್ಕಾದರೂ ಸರಿ, ಅದೇ ಗಂಟೆಯಲ್ಲಿ ಕಣ್ಣಿನ ತಜ್ಞರೂ ಫಿಸಿಶಿಯನ್ನರೂ ಇರುವ ದೊಡ್ಡಾಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಕಣ್ಣಿನ ಮಾತಿಗೆ ಮೊದಲು ಜ್ವರದ ಮಾತು ಹೇಳಿ.